ಬದುಕಿರುವವನಿಗೆ ಹಾಕಿದ ಎಲೆ

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ. ಅದನ್ನು ಹೇಳದೆ ನನ್ನ ಕೈ ಮುಂದಕ್ಕೆ ಓಡುವುದಿಲ್ಲ. ನನ್ನ ಮೊಮ್ಮಗಳು ಶಾಂತಿ ಇವತ್ತು ಬೆಳಿಗ್ಗೆ ತುಮಕೂರಿನ ನಮ್ಮ ಚರ್ಚಿನಲ್ಲಿ ಎದ್ದು ನಿಂತು, ಮೈಕು ಕೈಕೊಟ್ಟಿದ್ದರೂ ಹಿಂದಿನ ಬೆಂಚಿನವರಿಗೂ ಕೇಳುವ ಹಾಗೆ, "ನಾನು ಯೇಸುವನ್ನು ನಂಬುತ್ತೇನೆ" ಎಂದಳು. ನಮ್ಮಲ್ಲಿ ಮಕ್ಕಳು ಬೆಳೆದ ಮೇಲೆ ಹೀಗೊಂದು ದಿನ ಬರುತ್ತದೆ. ಅಪ್ಪ ಅಮ್ಮ ಎತ್ತಿಕೊಂಡು ಹೋಗಿ ಮಾಡಿಸಿದ ದೀಕ್ಷಾಸ್ನಾನ ಒಂದು ಕಡೆ, ತನ್ನ ಬಾಯಿಂದಲೇ ಸಭೆಯ ಮುಂದೆ ಹೇಳುವ ಮಾತು ಇನ್ನೊಂದು ಕಡೆ. ಜೊತೆಗೆ ನಿಂತಿದ್ದ ಮಕ್ಕಳು ನೆಲ ನೋಡುತ್ತ ಗೊಣಗಿದರು. ಇವಳು ಮಾತ್ರ ಸಂತೆಯಲ್ಲಿ ತಮ್ಮನನ್ನು ಕೂಗಿ ಕರೆಯುವವಳ ಹಾಗೆ ಹೇಳಿದಳು. ನಾನು ಪಕ್ಕದಲ್ಲಿ ಕೂತಿದ್ದವರ ಕೈ ಹಿಡಿದು ಹಿಚುಕಿದೆನಂತೆ, ಆಕೆ ಆಮೇಲೆ ಬಳೆ ಒತ್ತಿದ ಗುರುತು ತೋರಿಸಿ ನಕ್ಕರು. ಚರ್ಚಿನಿಂದ ಮನೆಯ ತನಕ ಆಟೋದವನಿಗೂ ಹೇಳಿದೆ, ಹಾಲಿನ ಅಂಗಡಿಯವನಿಗೂ ಹೇಳಿದೆ.

ಇನ್ನೊಂದು ಸುದ್ದಿಯೂ ಇದೆ. ಮಧ್ಯಾಹ್ನದ ಮೇಲೆ ಕಡಬದಿಂದ ನಮ್ಮ ಚಿಕ್ಕವ್ವ ಬಂದಳು. ಅವಳು ನನ್ನ ಅಪ್ಪನ ತಮ್ಮನ ಹೆಂಡತಿ. ಬೆನ್ನು ಬಾಗಿದೆ, ಕಣ್ಣು ಮಂಜಾಗಿದೆ. ನಮ್ಮ ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತಳು, ಆಮೇಲೆ ದಾಟಿ ಒಳಗೆ ಬಂದಳು. ಇದೇನು ದೊಡ್ಡ ಸುದ್ದಿ ಎಂದು ನೀವು ಕೇಳಬಹುದು. ಎರಡೂ ಸುದ್ದಿ ಹೊರಟಿದ್ದು ಒಂದೇ ಮನೆಯಿಂದ. ಆ ಮನೆಯ ಕಥೆ ಹೇಳದೆ ನನ್ನ ಸಂತೋಷ ಎಷ್ಟು ಎಂದು ನಿಮಗೆ ಗೊತ್ತಾಗುವುದಿಲ್ಲ. ಕಷ್ಟವೇನೆಂದರೆ, ಆ ಕಥೆಯಲ್ಲಿ ಸಂತೋಷವೇ ಇಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ತಪ್ಪಿದರೆ ಮಗಳು ತಿದ್ದುತ್ತಾಳೆ. ನೆನಪು ತಪ್ಪಿದರೆ ತಿದ್ದುವವಳು ಈಗ ಚಿಕ್ಕವ್ವ ಒಬ್ಬಳೇ. ನಮ್ಮ ಮನೆ ಗುಬ್ಬಿ ತಾಲ್ಲೂಕಿನ ಕಡಬದಲ್ಲಿ, ಕೆರೆಯಿಂದ ಸ್ವಲ್ಪ ಈಚೆಗೆ ಇತ್ತು. ಮಣ್ಣಿನ ಗೋಡೆ, ನಾಡಹೆಂಚು. ಮುಂದೆ ಜಗಲಿ, ಒಳಗೆ ಪಡಸಾಲೆ, ಅದರ ಹಿಂದೆ ನಡುಮನೆ, ಅದರ ಹಿಂದೆ ಹಗಲಲ್ಲೂ ದೀಪ ಕೇಳುವ ಅಡಿಗೆಮನೆ. ನಡುಮನೆಯ ಮೇಲೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ಸಿಪ್ಪೆಯ ಸಮೇತ ಹಾಗೇ ಬಿಟ್ಟರೆ ಕೆಲವು ತಿಂಗಳಲ್ಲಿ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಕೊಬ್ಬರಿಯಾಗುತ್ತದೆ. ತಾತ ಬೆಳಿಗ್ಗೆ ಎದ್ದರೆ ಏಣಿ ಹತ್ತಿ ಒಂದು ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗೆ ಲೊಟಲೊಟ ಎಂದರೆ ಬಿಟ್ಟಿದೆ. ಸದ್ದಿಲ್ಲದಿದ್ದರೆ "ಇನ್ನೂ ಹಿಡ್ಕಂಡೈತೆ" ಎಂದು ವಾಪಸ್ಸು ಇಡುತ್ತಿದ್ದ. ಅಟ್ಟದ ಸಂದಿಯಿಂದ ನಾರಿನ ಧೂಳು ಉದುರಿ ನಮ್ಮ ತಟ್ಟೆಗೆ ಬೀಳುತ್ತಿತ್ತು. ಆ ಧೂಳಿನ ವಾಸನೆ ಇಲ್ಲದ ಊಟ ನನಗೆ ಈಗಲೂ ಅರ್ಧ ಊಟವೇ.

ಉಣ್ಣುವುದು ನಡುಮನೆಯಲ್ಲಿ, ಗಂಡಸರು ಮೊದಲು. ತಾತ ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದ. ಅವನ ಬಲಕ್ಕೆ ಹಿರಿಯ ಮಗ ರಂಗಪ್ಪ, ಅಂದರೆ ನನ್ನ ಅಪ್ಪ. ಅಪ್ಪನ ಪಕ್ಕ ಚಿಕ್ಕಪ್ಪ, ಕೊನೆಗೆ ನಾನು. ಹೆಣ್ಣು ಮಗುವಾದರೂ ಆ ಸಾಲಿನಲ್ಲಿ ನನಗೆ ಜಾಗ ಕೊಟ್ಟಿದ್ದರು, ಮನೆಗೆ ಆಗ ಇದ್ದ ಮಗು ನಾನೊಬ್ಬಳೇ. ಅಜ್ಜಿ ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಲ್ಲುತ್ತಿದ್ದಳು, ಅಮ್ಮ ಒಲೆಯ ಮುಂದೆ. ತಾತ ಮುದ್ದೆ ಮುರಿಯುವ ತನಕ ಯಾರೂ ತಟ್ಟೆಗೆ ಕೈ ಹಾಕುವಂತಿರಲಿಲ್ಲ. ಅವನು ಮುರಿದ ಮೇಲೆ ಅಪ್ಪ, ಆಮೇಲೆ ಉಳಿದವರು. ಮನೆ ಅಂದರೆ ಇದು, ಈ ಸಾಲು, ಎಂದು ನಾನು ತಿಳಿದಿದ್ದೆ. ಹುಚ್ಚೆಳ್ಳು ಹುರಿದು ಒಣಮೆಣಸಿನಕಾಯಿ ಹಾಕಿ ಅರೆದ ಕರೀ ಚಟ್ನಿ ಅಪ್ಪನಿಗೆ ಪ್ರಾಣ. ಅಪ್ಪ ಊರಿಗೆ ಬರುವ ದಿನ ಅಜ್ಜಿ ಸೊಸೆಯ ಕೈಗೆ ಗುಂಡುಕಲ್ಲು ಕೊಡದೆ ತಾನೇ ಅರೆಯುತ್ತಿದ್ದಳು.

ಅಪ್ಪ ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಹುಲ್ಲು ಹಾಕಿ ಲಾಯ ಗುಡಿಸುವ ಕೆಲಸದಲ್ಲಿದ್ದ. ಶನಿವಾರದ ಬಸ್ಸಿಗೆ ಬಂದರೆ ಮೈಯೆಲ್ಲ ಕುದುರೆ ವಾಸನೆ. ಅಲ್ಲಿ ದಾವೀದಪ್ಪ ಎಂಬ ವಯಸ್ಸಾದವರೊಬ್ಬರು ಅವನ ಜೊತೆ ಕೆಲಸ ಮಾಡುತ್ತಿದ್ದರು. ಬುತ್ತಿ ಬಿಚ್ಚಿದಾಗಲೆಲ್ಲ ಅವರು ಕಣ್ಣು ಮುಚ್ಚಿ ದೇವರಿಗೆ ಸ್ತೋತ್ರ ಹೇಳುತ್ತಿದ್ದರಂತೆ. ಅಪ್ಪ ಮೊದಲು ನಕ್ಕಿದ್ದ, ಆಮೇಲೆ ಕೇಳಿದ್ದ, ಆಮೇಲೆ ಅವರ ಜೊತೆ ಭಾನುವಾರದ ಪ್ರಾರ್ಥನೆಗೆ ಹೋಗಿ ಹಿಂದೆ ಕೂತಿದ್ದ. ಯಾರ ರೋಗವೂ ವಾಸಿಯಾಗಲಿಲ್ಲ, ಯಾರೂ ಅಕ್ಕಿ ಬಟ್ಟೆ ಕೊಡಲಿಲ್ಲ. ಜನ ಈಗಲೂ ಅದನ್ನೇ ಕೇಳುತ್ತಾರೆ, ಅದಕ್ಕೇ ಹೇಳಿದೆ. ಅಪ್ಪ ಬಹಳ ದಿನ ಕೇಳಿಸಿಕೊಂಡ, ನಂಬಿದ, ಅಷ್ಟೇ. ನಂಬಿದ್ದನ್ನು ಅವನು ಕುಣಿಗಲ್ಲಿನಲ್ಲೇ ಬಿಟ್ಟು ಬಂದಿದ್ದರೆ ನಮ್ಮ ಮನೆಗೆ ಏನೂ ಆಗುತ್ತಿರಲಿಲ್ಲ. ಒಂದು ಶನಿವಾರ ಅದನ್ನು ಊಟದ ಸಾಲಿಗೆ ತಂದ. ತಾತ ಮುದ್ದೆ ಮುರಿದ. ಅಪ್ಪ ಮುರಿಯಲಿಲ್ಲ. ತಟ್ಟೆಯ ಎರಡು ಪಕ್ಕ ಕೈಯಿಟ್ಟು, ಕಣ್ಣು ಮುಚ್ಚಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ತಂದೆಯೇ, ಈ ಊಟ ಕೊಟ್ಟಿದ್ದಕ್ಕೆ ನಿನಗೆ ಸ್ತೋತ್ರ. ಇದ್ನ ಬೆಳ್ದ್ ಕೈಗೂ ಬೇಯ್ಸಿದ್ ಕೈಗೂ ಒಳ್ಳೇದ್ ಮಾಡು. ಯೇಸುವಿನ ಹೆಸರಲ್ಲಿ, ಆಮೆನ್."

ಚಿಕ್ಕಪ್ಪನಿಗೆ ನಗು ತಡೆಯಲಾಗಲಿಲ್ಲ.

"ಕುದ್ರೆ ಜೊತೆ ಇದ್ದು ಇದ್ದು ನಮ್ಮಣ್ಣ ಮೇವ್ಗೂ ಮಂತ್ರ ಹಾಕದ್ ಕಲ್ತವ್ನೆ."

"ಏನ್ಲಾ ಅದು?" ಎಂದ ತಾತ.

"ಮಂತ್ರ ಅಲ್ಲ ಕಣಪ್ಪ. ನಾನು ಯೇಸುನ ನಂಬಿದೀನಿ."

"ನಂಬ್ಕೋ ಬುಡು. ಊರ್ನಾಗೆ ಒಬ್ಬೊಬ್ರು ಒಂದೊಂದ್ ದೇವ್ರುನ್ನ ನಂಬ್ತಾರೆ. ಒಂದ್ ಪಟ ತಂದು ಆ ಮೂಲೇಲಿ ನೇತಾಕು, ನಿಮ್ಮವ್ವ ಅದ್ಕೂ ಹೂವ ಇಡ್ತಾಳೆ."

"ಇನ್ಮೇಲೆ ಅದೊಂದೇ ಕಣಪ್ಪ. ಬೇರೇದಕ್ಕೆ ಕೈ ಮುಗಿಯಲ್ಲ."

ತಾತ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ.

"ಹಿರೇರ್ಗೆ?"

"ಹಿರೇರ್ ಮೇಲೆ ಪ್ರೀತಿ ಐತೆ. ಎಡೆ ಇಡಕ್ಕಾಗಲ್ಲ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಮಾಡುತ್ತಾರೆ. ಮನೆಯಲ್ಲಿ ಸತ್ತವರಿಗೆ ಒಬ್ಬೊಬ್ಬರಿಗೂ ಒಂದೊಂದು ಎಲೆ ಹಾಕಿ, ಅವರಿಗೆ ಏನು ಇಷ್ಟವೋ ಅದನ್ನೇ ಮಾಡಿ ಬಡಿಸಿ, ಹೊಸ ಬಟ್ಟೆ ಇಟ್ಟು, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ನಿಲ್ಲುತ್ತಾರೆ. ಸತ್ತವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಬಾಗಿಲು ತೆಗೆದು ಮನೆಯವರು ಉಣ್ಣುತ್ತಾರೆ. ಮನೆಯ ಯಜಮಾನ ತೀರಿಕೊಂಡ ಮೇಲೆ ಅವನಿಗೆ ಎಲೆ ಹಾಕುವವನು ಹಿರಿಯ ಮಗ. ತಾತ ಅವತ್ತು ಕೂಗಾಡಲಿಲ್ಲ. ನನಗೆ ಭಯವಾಗಿದ್ದು ಅವನ ದನಿ ಸಣ್ಣಗಾಗಿದ್ದಕ್ಕೆ.

"ನಾಳೆ ನಾನ್ ಸತ್ರೆ ನಂಗ್ ಎಲೆ ಹಾಕೋನ್ ಯಾರ್ಲಾ?"

"ತಮ್ಮ ಅವ್ನೆ."

"ಹಿರೀ ಮಗ ಯಾರು?"

ಈಗ ನನಗೂ ಮೊಮ್ಮಕ್ಕಳಾದ ಮೇಲೆ ಅನ್ನಿಸುತ್ತದೆ, ತಾತ ಕೆಟ್ಟವನಾಗಿರಲಿಲ್ಲ. ಸತ್ತ ಮೇಲೆ ತಾನು ಹಸಿದುಕೊಂಡು ಹೊಸ್ತಿಲ ಆಚೆ ನಿಲ್ಲಬೇಕಾಗುತ್ತದೆ ಎಂದು ಅವನಿಗೆ ನಿಜವಾಗಿಯೂ ಭಯವಿತ್ತು. ಆ ಭಯಕ್ಕೆ ಅಪ್ಪನ ಹತ್ತಿರ ಔಷಧಿ ಇರಲಿಲ್ಲ, ಅಪ್ಪನ ನಂಬಿಕೆಗೆ ತಾತನ ಹತ್ತಿರ ಜಾಗವಿರಲಿಲ್ಲ. ನಡುವೆ ಅಜ್ಜಿ ಓಡಾಡಿದಳು. ತಾತ ಒಂದು ಮೆಟ್ಟಿಲು ಇಳಿದಿದ್ದ: ಮನಸ್ಸಿನಲ್ಲಿ ಏನಾದರೂ ಇಟ್ಟುಕೊಳ್ಳಲಿ, ಬಾಯಲ್ಲಿ ಹೇಳುವುದು ಬೇಡ. ಅಜ್ಜಿ ಆ ಮಾತು ಹೊತ್ತುಕೊಂಡು ಬಂದು ಜಗಲಿಯಲ್ಲಿ ಅಪ್ಪನ ಪಕ್ಕ ಕೂತಳು.

"ಮನಸ್ನಾಗೇ ಅಂದ್ಕೋ ಮಗ. ನಿಮ್ ದೇವ್ರಿಗೇನ್ ಕಿವಿ ಮಂದ್ವಾ?"

"ನೀನು ನನ್ನ ಹೆತ್ತವ್ಳು ಅಂತ ಊರ್ಗೆಲ್ಲ ಹೇಳ್ಕೊಂಡ್ ತಿರುಗ್ತೀಯಲ್ಲವ್ವ. ಮನಸ್ನಾಗೇ ಯಾಕ್ ಇಟ್ಕಳಲ್ಲ?"

ಅಜ್ಜಿ ನಕ್ಕಳು, ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು, ಒಳಗೆ ಹೋಗಿ ತಾತನಿಗೆ ಏನು ಹೇಳಿದಳೋ ಗೊತ್ತಿಲ್ಲ.

ಅಪ್ಪನ ದೀಕ್ಷಾಸ್ನಾನ ಕುಣಿಗಲ್ ಕೆರೆಯಲ್ಲಿ, ಹಾಡುಹಗಲಲ್ಲಿ ಆಯಿತು. ಸಂತೆಗೆ ಬಂದಿದ್ದ ನಮ್ಮೂರಿನವರೊಬ್ಬರು ಏರಿಯ ಮೇಲೆ ನಿಂತು ನೋಡಿದರು. ಸಂಜೆಯ ಬಸ್ಸಿಗೆ ಸುದ್ದಿ ಕಡಬ ಸೇರಿತು. ಚಿಕ್ಕವ್ವ ಆಗತಾನೇ ಮದುವೆಯಾಗಿ ಬಂದಿದ್ದಳು, ಇನ್ನೂ ಕೈಯ ಹಸಿರು ಬಳೆ ಒಡೆದಿರಲಿಲ್ಲ. ಅವಳ ತವರಿನವರು ಬಂದು ಪಡಸಾಲೆಯಲ್ಲಿ ಕೂತು, ರಂಗಪ್ಪ ಊಟದ ಸಾಲಿನಲ್ಲಿ ಕೂತರೆ ನಮ್ಮ ಮಗಳನ್ನು ಕರೆದುಕೊಂಡು ಹೋಗುತ್ತೇವೆ ಎಂದರು. ಅವತ್ತಿನಿಂದ ಅಪ್ಪನ ಕಂಚಿನ ತಟ್ಟೆ ಅಟ್ಟ ಸೇರಿತು. ಅವನಿಗೆ ಬೇರೆ ಅಲ್ಯೂಮಿನಿಯಂ ತಟ್ಟೆ, ಬೇರೆ ಚೊಂಬು, ಜಾಗ ಜಗಲಿ. ಅಮ್ಮ ತಟ್ಟೆ ತಂದು ಕೆಳಗಿಟ್ಟು, ಸೆರಗು ಎಳೆದುಕೊಂಡು, ಅವನು ಉಂಡು ಮುಗಿಸುವ ತನಕ ಬಾಗಿಲ ಹತ್ತಿರ ನಿಂತಿರುತ್ತಿದ್ದಳು. ಒಳಗೆ ಕೂರಿಸಿದ್ದರೆ ಅಪ್ಪನ ಪ್ರಾರ್ಥನೆ ಮನೆಯವರಿಗಷ್ಟೇ ಕೇಳುತ್ತಿತ್ತು. ಜಗಲಿಗೆ ಹಾಕಿದ್ದರಿಂದ ಬೀದಿಗೆಲ್ಲ ಕೇಳಿತು. ಎದುರು ಮನೆಯ ಗಂಗಣ್ಣ ಬೀಡಿ ಹಚ್ಚಿಕೊಂಡು ಅದಕ್ಕೇ ಕಾದಿರುತ್ತಿದ್ದ.

"ಏನ್ಲಾ ರಂಗ, ಸಾರ್ಗೆ ಉಪ್ಪು ಹಾಕ್ಬುಟ್ ಹೋದ್ನೇನ್ಲಾ ನಿಮ್ ದ್ಯಾವ್ರು?"

"ಉಪ್ಪು ಹಾಕಿದ್ದು ನಮ್ಮವ್ವ ಕಣಣ್ಣ. ಉಪ್ಪು ಕೊಟ್ಟೋನ್ಗೆ ಹೇಳ್ತಾ ಇದ್ದೆ."

ಆ ವರ್ಷದ ಹಿರಿಯರ ಹಬ್ಬ ಬಂತು. ನಡುಮನೆ ಸಾರಿಸಿ, ಗೋಡೆಯ ಪಕ್ಕ ತಾತ ಬಾಳೆ ಎಲೆ ಹಾಕುತ್ತ ಬಂದ. ಅವನ ಅಪ್ಪನಿಗೊಂದು, ಅವ್ವನಿಗೊಂದು, ಚಿಕ್ಕ ವಯಸ್ಸಿನಲ್ಲೇ ಸತ್ತ ಅಣ್ಣನಿಗೊಂದು. ಆಮೇಲೆ ಇನ್ನೊಂದು ಎಲೆ ಹಾಕಿ ಅಜ್ಜಿಗೆ ಹೇಳಿದ:

"ಇದ್ಕೆ ಹುಚ್ಚೆಳ್ ಚಟ್ನಿ ಇಡು."

ಚಿಕ್ಕವ್ವ ಹೊಸಬಳು, ಕೇಳಿಬಿಟ್ಟಳು.

"ಇದ್ಯಾರ್ದು ಮಾವ, ಈ ಎಲೆ?"

"ನನ್ ಹಿರೀ ಮಗಂದು. ಅವ್ನು ನಂಗ್ ಹಾಕಲ್ಲ ಅಂದ. ನಾನೇ ಅವ್ನಿಗ್ ಹಾಕ್ಬುಡ್ತೀನಿ."

ನಾನು ಏಳು ವರ್ಷದವಳು. ನನಗೆ ಕೇಳಿಸಿದ್ದು ಒಂದೇ: ನಡುಮನೆಯಲ್ಲಿ, ಒಳಗೆ, ಅಪ್ಪನಿಗೆ ಎಲೆ ಬಿದ್ದಿದೆ. ಜಗಲಿ ಮುಗಿಯಿತು, ಅಲ್ಯೂಮಿನಿಯಂ ತಟ್ಟೆ ಮುಗಿಯಿತು, ತಾತನ ಕೋಪ ಇಳಿಯಿತು. ಅವತ್ತು ಅಪ್ಪ ಬರುವುದು ಗೊತ್ತಿತ್ತು. ನಾನು ಲಂಗ ಎತ್ತಿ ಹಿಡಿದುಕೊಂಡು ಬಸ್ಸು ನಿಲ್ಲುವ ಕಡೆ ಓಡಿದೆ. ಅಪ್ಪ ಇಳಿಯುತ್ತಿದ್ದ ಹಾಗೇ ಅವನ ಬೆರಳು ಹಿಡಿದು ಹೇಳಿದೆ:

"ಅಪ್ಪ, ತಾತ ನಿಂಗೆ ಒಳ್ಗೆ ಎಲೆ ಹಾಕವ್ರೆ. ಹುಚ್ಚೆಳ್ ಚಟ್ನಿ ಮಾಡ್ಸವ್ರೆ. ಹೊಸಾ ಪಂಚೆನೂ ಮಡ್ಗವ್ರೆ."

ಅಪ್ಪನ ಮುಖ ಅಷ್ಟು ಬೆಳಗಿದ್ದನ್ನು ನಾನು ಮತ್ತೆ ಯಾವತ್ತೂ ನೋಡಲಿಲ್ಲ. ಯಾವ ಹಬ್ಬ ಎನ್ನುವುದು ಅವನಿಗೂ ಆ ಗಳಿಗೆ ಮರೆತುಹೋಯಿತು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡ. ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಮಾತಾಡಿಸಿದ, ಗಂಗಣ್ಣನನ್ನೂ. ಮನೆಯ ಮುಂದೆ ಬಂದು ನನ್ನನ್ನು ಇಳಿಸಿ, ಕಾಲು ತೊಳೆಯಲು ಚೊಂಬಿಗೆ ಕೈ ಹಾಕಿದ. ಆಗ ನೋಡಿದ. ಬಾಗಿಲು ಹಾಕಿತ್ತು. ಎಲ್ಲರೂ ಅಂಗಳದಲ್ಲಿ ನಿಂತಿದ್ದರು. ಒಳಗೆ ಸತ್ತವರು ಉಣ್ಣುತ್ತಿದ್ದರು.

ತಾತ ಅವನ ಕಡೆ ನೋಡದೆ ಹೋಗಿ ಬಾಗಿಲು ತೆಗೆದ.

"ಹಿರೇರು ಬಂದು ಉಂಡ್ರು. ಇನ್ ನಾವ್ ಉಣ್ಣಾನ ಬರ್ರಿ."

"ನಾನಿನ್ನೂ ಉಂಡಿಲ್ಲ ಕಣಪ್ಪ" ಎಂದ ಅಪ್ಪ.

ಅಜ್ಜಿ ಒಳಗೆ ಹೋದಳು. ಆ ನಾಲ್ಕನೇ ಎಲೆಯನ್ನೇ ಎರಡೂ ಕೈಯಲ್ಲಿ ಎತ್ತಿಕೊಂಡು, ಸಾರು ಅಂಚಿನಿಂದ ಸೋರುತ್ತಿದ್ದರೂ ಲೆಕ್ಕಿಸದೆ, ಹೊಸ್ತಿಲಿಗೆ ಬಂದಳು. ಆದರೆ ಎಡೆಗೆ ಇಟ್ಟಿದ್ದನ್ನು ಅಪ್ಪ ತಿನ್ನುವಂತಿರಲಿಲ್ಲ. ಅದು ಅವನ ನಂಬಿಕೆಯ ಮಾತು, ದಾವೀದಪ್ಪ ಮೊದಲೇ ಹೇಳಿದ್ದರು, ಅವನೂ ಓದಿಕೊಂಡಿದ್ದ.

"ಎಡೆಗಿಟ್ಟಿದ್ದು ಬ್ಯಾಡ ಕಣವ್ವ. ಮಡಕೇಲಿರೋದು ಒಂದ್ ಚೂರ್ ಕೊಡು."

"ಮಡಕೇಲಿರೋದು ಬದುಕಿರೋರ್ಗೆ" ಎಂದ ತಾತ.

ಅಜ್ಜಿ ಎಲೆ ಹಿಡಿದುಕೊಂಡು ಇಬ್ಬರ ನಡುವೆ ನಿಂತೇ ಇದ್ದಳು. ಅಪ್ಪ ಹಟ ಮಾಡುತ್ತಿದ್ದಾನೆ ಎಂದು ನನಗೆ ಅಳು ಬಂತು. ತಿಂದುಬಿಡಬಾರದೇ, ಅವನ ಅವ್ವ ಮಾಡಿದ ಚಟ್ನಿಯಲ್ಲವೇ. ಇವತ್ತಿಗೂ ಆ ಪ್ರಶ್ನೆ ನನ್ನಲ್ಲಿ ಅರ್ಧ ಹಾಗೇ ಉಳಿದಿದೆ. ಕೊನೆಗೆ ಎಲೆ ಹೆಂಚಿನ ಮೇಲೆ ಕಾಗೆಗೆ ಹೋಯಿತು. ಅಪ್ಪ ಹೇಗೆ ಬಂದಿದ್ದನೋ ಹಾಗೇ ಬಸ್ಸಿನ ಕಡೆ ನಡೆದ, ಕಾಲು ತೊಳೆಯಲೇ ಇಲ್ಲ.

ಹಬ್ಬ ಕಳೆದ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ಕುಣಿಗಲ್ಲಿಗೆ ಹೊರಟಳು. ಅವಳಿಗೆ ಆಗ ಯೇಸುವಿನ ಬಗ್ಗೆ ಏನೂ ಗೊತ್ತಿರಲಿಲ್ಲ, ಗಂಡನಿಗೆ ಎಡೆ ಇಟ್ಟ ಮನೆಯಲ್ಲಿ ಕುಂಕುಮ ಇಟ್ಟುಕೊಂಡು ಹೇಗಿರಲಿ ಎಂದಳು, ಅಷ್ಟೇ. ಕೆರೆಯ ಹತ್ತಿರ ಒಂದೇ ಕೋಣೆಯ ಮನೆ. ಮೇಲೆ ತಗಡು, ಒಂದು ಸೀಮೆಎಣ್ಣೆ ಸ್ಟೌವು. ಸಂಜೆ ಅಪ್ಪ ಮೆಟ್ಟಿಲ ಮೇಲೆ ಕೂತು ಬೈಬಲನ್ನು ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದುತ್ತಿದ್ದ. ಬೀದಿಯವರು ನಗುತ್ತಿದ್ದರು, ಒಂದು ದಿನ ಯಾರೋ ಸಗಣಿ ಎರಚಿದರು. ಮನೆಯ ಯಜಮಾನಿ ಒಳ್ಳೆಯ ಹೆಂಗಸು, ಅವರೂ ತಾತ ಹೇಳಿದ್ದನ್ನೇ ಹೇಳಿದರು.

"ಒಳ್ಗೆ ಕೂತ್ಕೊಂಡ್ ಓದ್ಕೊಳ್ಳಿ ರಂಗಪ್ಪ, ಯಾರ್ ಬೇಡ ಅಂತಾರೆ?"

ಅಪ್ಪ ಒಳಗೆ ಕೂರಲಿಲ್ಲ, ನಾವು ಒಂದಾದ ಮೇಲೊಂದು ಮನೆ ಬದಲಾಯಿಸಿದೆವು. ನಾನು ಬಾಗಿಲ ಹಿಂದೆ ನಿಂತು, ಅವನ ದನಿ ಸ್ವಲ್ಪ ಇಳಿಯಲಿ ಎಂದು ಬೇಡಿಕೊಳ್ಳುತ್ತಿದ್ದೆ, ಅದೇ ದೇವರನ್ನು. ಸ್ಕೂಲಿನಲ್ಲಿ ನಿಮ್ಮ ಮನೆಯಲ್ಲಿ ಯಾವ ದೇವರು ಎಂದು ಕೇಳಿದರೆ ತಲೆ ತಗ್ಗಿಸಿ ಸುಮ್ಮನಿರುತ್ತಿದ್ದೆ. ಆಮೇಲೆ ನಾನೂ ಸಭೆಯ ಮುಂದೆ ನಿಂತು ನಂಬುತ್ತೇನೆ ಎಂದಿದ್ದೇನೆ, ನಿಜವಾಗಿ ನಂಬಿಯೇ ಹೇಳಿದ್ದೇನೆ. ಆದರೆ ಹತ್ತು ಜನರ ದನಿಯಲ್ಲಿ ನನ್ನದನ್ನು ಸೇರಿಸಿ, ಮೆಲ್ಲಗೆ. ಕಡಬದ ಆ ಮನೆ ನನ್ನನ್ನು ಹಾಗೆ ಮಾಡಿತು, ಒಳಗೆ ಗಟ್ಟಿ, ಬಾಯಿ ಮಾತ್ರ ಬಿಡದವಳು.

ಅಪ್ಪ ಕಡಬಕ್ಕೆ ಹೋಗುವುದನ್ನು ಬಿಡಲಿಲ್ಲ. ಪ್ರತಿ ಹಿರಿಯರ ಹಬ್ಬಕ್ಕೂ ನನ್ನನ್ನು ಕರೆದುಕೊಂಡು ಹೋಗಿ ಅಂಗಳದಲ್ಲಿ ನಿಲ್ಲುತ್ತಿದ್ದ. ಒಳಗೆ ಅವನ ಎಲೆ ಬೀಳುತ್ತಿತ್ತು. ಬಾಗಿಲು ತೆಗೆದಾಗ "ನಾನಿನ್ನೂ ಉಂಡಿಲ್ಲ ಕಣಪ್ಪ" ಎನ್ನುತ್ತಿದ್ದ. ತಾತ ಕೇಳಿಸದವನ ಹಾಗೆ ಒಳಗೆ ಹೋಗುತ್ತಿದ್ದ. ಬರಬರುತ್ತ ಊರಿಗೆ ಅದೊಂದು ತಮಾಷೆಯಾಯಿತು, ಹುಡುಗರು "ಬಂತು ಬಂತು, ರಂಗಣ್ಣನ ದೆವ್ವ ಬಂತು" ಎಂದು ಬಸ್ಸಿನಿಂದಲೇ ಹಿಂದೆ ಬರುತ್ತಿದ್ದರು. ಅಜ್ಜಿ ಮಾತ್ರ ಆ ಹಬ್ಬಕ್ಕೆ ಕಾಯಲು ಶುರು ಮಾಡಿದಳು. ವರ್ಷದಲ್ಲಿ ಅದೊಂದು ದಿನ ಅವಳು ಮಗನಿಗೆ ಎಂದು ಹೇಳಿ ಚಟ್ನಿ ಅರೆಯಬಹುದಿತ್ತು, ತಾತನೇ ಹೇಳಿ ಮಾಡಿಸುತ್ತಿದ್ದ. ನನಗೆ ಒಳಗೆ ಹೋಗಲು ತಡೆಯಿರಲಿಲ್ಲ, ಅರೆಯುತ್ತ ನನ್ನನ್ನು ಹತ್ತಿರ ಕೂರಿಸಿಕೊಂಡು, ಖಾರ ಅಪ್ಪನಿಗೆ ಸರಿಯಾಗಿದೆಯಾ ನೋಡು ಎಂದು ನಾಲಿಗೆಗೆ ಹಚ್ಚುತ್ತಿದ್ದಳು. ಉಣ್ಣುವವನು ಹೊರಗೆ ನಿಂತಿದ್ದ. ಎಲೆ ಕಾಗೆಗೆ ಹೋಗುತ್ತಿತ್ತು.

ಅಜ್ಜಿ ಹಾಸಿಗೆ ಹಿಡಿದಾಗ ನಾನು ದೊಡ್ಡವಳಾಗಿದ್ದೆ. ನೀರು ಬಿಟ್ಟು ಏನೂ ಇಳಿಯುತ್ತಿರಲಿಲ್ಲ. ಅವಳು ತಾತನನ್ನು ಕರೆದು ಒಂದೇ ಒಂದು ಕೇಳಿದಳಂತೆ: ರಂಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ತುತ್ತು ಉಣ್ಣುತ್ತೇನೆ. ಎರಡು ದಿನವಾದ ಮೇಲೆ ತಾತ ಚಿಕ್ಕಪ್ಪನ ಕೈಲಿ ಹೇಳಿ ಕಳಿಸಿದ, ಒಳಗೆ ಬರಲಿ, ಬಾಯಿ ಮುಚ್ಚಿಕೊಂಡು ಉಂಡು ಹೋಗಲಿ, ಒಂದು ಸಲ. ಅಪ್ಪ ನನ್ನನ್ನೂ ಕರೆದುಕೊಂಡು ಬಂದ. ಅಟ್ಟದಿಂದ ಅವನ ಕಂಚಿನ ತಟ್ಟೆ ಇಳಿದು, ಚಿಕ್ಕವ್ವ ಅದನ್ನು ಹುಣಿಸೆಹಣ್ಣು ಹಾಕಿ ಬೆಳಗಿದ್ದಳು. ಅಜ್ಜಿಯನ್ನು ಗೋಡೆಗೆ ದಿಂಬು ಕೊಟ್ಟು ಕೂರಿಸಿದ್ದರು. ತಾತ ಕಂಬಕ್ಕೆ ಬೆನ್ನು ಕೊಟ್ಟು ಮುದ್ದೆ ಮುರಿದ. ಅಪ್ಪ ತಟ್ಟೆಯ ಎರಡು ಪಕ್ಕ ಕೈಯಿಟ್ಟ, ಕಣ್ಣು ಮುಚ್ಚಿದ, ತುಟಿ ಬಿಗಿಹಿಡಿದ. ಬೆವರು ಬರುತ್ತಿತ್ತು. ಹೇಳಬೇಡ, ಹೇಳಬೇಡ ಎಂದು ನಾನು ಒಳಗೇ ಕೂಗುತ್ತಿದ್ದೆ. ಅವನು ಹೇಳುತ್ತಿರಲಿಲ್ಲ ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಅವ್ವನಿಗಾಗಿ ಅವತ್ತು ಒಂದು ಸಲ ನುಂಗಿಕೊಳ್ಳುತ್ತಿದ್ದ. ಮಾತಾಡಿದ್ದು ಅಜ್ಜಿ.

"ಹೇಳ್ಕೋ ಮಗ. ನಂಗೂ ಕೇಳ್ಲಿ. ನಿನ್ ದನಿ ಕೇಳಿ ಬಾಳ ದಿನ ಆಯ್ತು."

ಅಪ್ಪ ಹೇಳಿದ. "ಬೇಯ್ಸಿದ್ ಕೈಗೆ ಒಳ್ಳೇದ್ ಮಾಡು" ಎನ್ನುವಲ್ಲಿ ಅವನ ದನಿ ಒಡೆಯಿತು. ಆಮೆನ್ ಎನ್ನುವಷ್ಟರಲ್ಲಿ ತಾತ ಎದ್ದಿದ್ದ. ಎಂಜಲು ಕೈಯಲ್ಲೇ ಬಗ್ಗಿ ಕಂಚಿನ ತಟ್ಟೆಯನ್ನು ಅಪ್ಪನ ಮುಂದಿನಿಂದ ಎತ್ತಿಕೊಂಡು ಹೊರಗೆ ಹೋಗಿ ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದ. ಯಾರೂ ಉಣ್ಣಲಿಲ್ಲ. ಅಜ್ಜಿಯ ಮುಂದಿದ್ದ ತುತ್ತು ಹಾಗೇ ಒಣಗಿತು. ಅದಾದ ವಾರದಲ್ಲಿ ಅವಳು ಹೋದಳು. ಅಪ್ಪನನ್ನು ಹೆಣದ ಹತ್ತಿರ ಬಿಡಲಿಲ್ಲ, ಸತ್ತವನು ಹೇಗೆ ಮಣ್ಣು ಹಾಕುತ್ತಾನೆ ಎಂದರು. ಅವನು ದೂರದಲ್ಲಿ, ತೆಂಗಿನ ಮರದ ಕೆಳಗೆ ನಿಂತು ನೋಡಿದ.

ಮುಂದಿನ ಹಿರಿಯರ ಹಬ್ಬಕ್ಕೂ ನಾವು ಹೋದೆವು. ಬಾಗಿಲು ತೆಗೆದಾಗ ಅಪ್ಪ ತನ್ನ ಮಾತು ಹೇಳಲಿಲ್ಲ. ಒಳಗೆ ನೋಡುತ್ತಿದ್ದ. ನಾನೂ ನೋಡಿದೆ. ಗೋಡೆಯ ಪಕ್ಕದ ಸಾಲಿನಲ್ಲಿ ಐದನೇ ಎಲೆ ಬಿದ್ದಿತ್ತು. ಅಜ್ಜಿಯ ಎಲೆ, ಅಪ್ಪನ ಎಲೆಯ ಪಕ್ಕದಲ್ಲಿ. ಎರಡಕ್ಕೂ ಚಟ್ನಿ ಇಟ್ಟಿದ್ದರು. ತಾಯಿ ಮಗ ಜೊತೆಯಲ್ಲಿ ಕೂತು ಉಂಡಿದ್ದು ಅಲ್ಲಿ ಮಾತ್ರ. ಅಪ್ಪ ಆಮೇಲೆ ಕಡಬಕ್ಕೆ ಹೋಗಲಿಲ್ಲ. ತಾತ ಸತ್ತಾಗ ಹೇಳಿ ಕಳಿಸಲೂ ಇಲ್ಲ, ಅವನ ಎಲೆಯನ್ನು ಚಿಕ್ಕಪ್ಪ ಹಾಕಿದ. ವಯಸ್ಸಾದ ಮೇಲೆ ನನ್ನ ಜೊತೆ ತುಮಕೂರಿಗೆ ಬಂದಿದ್ದ ಅಪ್ಪ ಇಲ್ಲೇ ತೀರಿಕೊಂಡಾಗ ಕಡಬದಿಂದ ಯಾರೂ ಬರಲಿಲ್ಲ. ಅವರ ಲೆಕ್ಕದಲ್ಲಿ ಅವನು ಸತ್ತು ಎಷ್ಟೋ ವರ್ಷವಾಗಿತ್ತು.

ಇಷ್ಟು ಹೇಳಿದ ಮೇಲೆ ಇವತ್ತಿನ ಸಂಜೆಗೆ ಬರುತ್ತೇನೆ. ಚಿಕ್ಕವ್ವನಿಗೆ ನಾನು ಫೋನಿನಲ್ಲಿ ಬಾ ಎಂದಿದ್ದು ಬಾಯಿಮಾತಿಗೆ. ಎಷ್ಟೋ ಸಲ ಕರೆದಿದ್ದೇನೆ, ಬಂದವಳಲ್ಲ. ಚಿಕ್ಕಪ್ಪ ಇರುವ ತನಕ ಅವಳು ಇಲ್ಲಿಗೆ ಬರುವ ಮಾತೇ ಇರಲಿಲ್ಲ. ಇವತ್ತು ಮಗ ಶಿವಣ್ಣನ ಬೈಕಿನಲ್ಲಿ ಹಿಂದೆ ಕೂತು, ಮಡಿಲಲ್ಲಿ ಒಂದು ಸ್ಟೀಲು ಡಬ್ಬಿ ಇಟ್ಟುಕೊಂಡು ಬಂದಿದ್ದಾಳೆ. ಶಿವಣ್ಣ ಮಾತ್ರ ಒಳಗೆ ಬರಲಿಲ್ಲ. ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತು ಫೋನು ನೋಡುತ್ತಿದ್ದ.

"ಒಳಗ್ ಬಾರೋ ಶಿವು, ಊಟಕ್ಕೆ."

"ಇರ್ಲಿ ಅಕ್ಕ. ಇಲ್ಲೇ ಗಾಳಿ ಚೆನ್ನಾಗೈತೆ. ಇಲ್ಲಿಗೇ ಕೊಡು."

ತಟ್ಟೆಯನ್ನು ಹೊರಗೆ ಕೊಡುವುದು ಹೇಗೆಂದು ನನಗೆ ಗೊತ್ತು. ಅಮ್ಮ ಮಾಡುತ್ತಿದ್ದ ಹಾಗೆ ಕೆಳಗಿಡದೆ ಅವನ ಕೈಗೇ ಕೊಟ್ಟೆ. ಒಳ್ಳೆಯ ತಟ್ಟೆಯಲ್ಲೇ ಕೊಟ್ಟೆ. ಬಾಗಿಲು ಪೂರ್ತಿ ತೆರೆದು, ಗಾಳಿಗೆ ಬಡಿಯದಿರಲಿ ಎಂದು ಗುಂಡುಕಲ್ಲು ಅಡ್ಡ ಇಟ್ಟೆ. ಒಳಗೆ ನನ್ನ ಮಗಳು, ಅಳಿಯ, ಶಾಂತಿ, ಅವಳ ತಮ್ಮ, ಚಿಕ್ಕವ್ವ, ನಾನು, ಎಲ್ಲರೂ ಸಾಲಾಗಿ ನೆಲದ ಮೇಲೆ ಕೂತೆವು. ಟೇಬಲ್ಲಿನಲ್ಲಿ ಚಿಕ್ಕವ್ವನಿಗೆ ಕೂರಲು ಆಗುವುದಿಲ್ಲ. ಮುದ್ದೆ, ಕೋಳಿ ಸಾರು, ಅನ್ನ. ಶಾಂತಿ ಪ್ರಾರ್ಥನೆ ಮಾಡಿದಳು, ಬೆಳಗಿನ ದನಿಯಲ್ಲೇ. ಮೆಟ್ಟಿಲಿಗೂ ಕೇಳಿತು, ಆಚೆ ರಸ್ತೆಗೂ ಕೇಳಿತು. ನಾನು ಕಣ್ಣು ಮುಚ್ಚಿದ್ದರೂ ಒಂದು ಸಲ ತೆರೆದು ನೋಡಿದೆ. ಚಿಕ್ಕವ್ವ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಹೊರಗೆ ಶಿವಣ್ಣನೂ ಇನ್ನೂ ತುತ್ತು ಎತ್ತಿರಲಿಲ್ಲ.

ಆಮೆನ್ ಆದ ಮೇಲೆ ಚಿಕ್ಕವ್ವ ಡಬ್ಬಿಯ ಮುಚ್ಚಳ ತೆಗೆದಳು. ಹುಚ್ಚೆಳ್ಳು ಚಟ್ನಿ. ಮೊದಲು ನನ್ನ ತಟ್ಟೆಗೆ ಹಾಕಿದಳು.

"ನಿಮ್ಮಜ್ಜಿ ಹೇಳ್ಕೊಟ್ಟಂಗೇ ಅರ್ದಿವ್ನಿ. ಎಡೆಗಿಟ್ಟಿದ್ದಲ್ಲ ಕಣವ್ವ, ಮಡಕೇಲಿಂದಾನೇ ತುಂಬ್ಕೊಂಡ್ ಬಂದೆ."

ತಟ್ಟೆ ನೋಡುತ್ತ ಕೂತುಬಿಟ್ಟೆ. ಯಾರೂ ಉಣ್ಣುತ್ತಿರಲಿಲ್ಲ, ಯಾಕೆಂದು ನನಗೆ ಹೊಳೆಯಲಿಲ್ಲ. ಚಿಕ್ಕವ್ವನೇ ಮೊಣಕೈಯಲ್ಲಿ ತಿವಿದಳು.

"ಮುರಿಯೇ ಮುದ್ದೆನ. ಮನೆಗ್ ದೊಡ್ಡೋಳು ನೀನು, ಎಲ್ರೂ ಕಾಯ್ತಾವ್ರೆ."

ಮುರಿದೆ. ಎಲ್ಲರೂ ಉಂಡರು, ಮೆಟ್ಟಿಲ ಮೇಲಿದ್ದ ಶಿವಣ್ಣನೂ. ಸ್ವಲ್ಪ ಹೊತ್ತಿಗೆ ಅವನು ಅಲ್ಲಿಂದಲೇ ಖಾಲಿ ತಟ್ಟೆ ಒಳಕ್ಕೆ ಚಾಚಿ, ಇನ್ನೊಂದು ಚೂರು ಚಟ್ನಿ ಹಾಕಕ್ಕ ಎಂದ.